ಶನಿವಾರದ ಮೇಜಿಗೆ ಬಂದ ಮಾವ

ಜೂನ್ 4

ಪ್ರೀತಿಯ ಮಾವ,

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿ, "ಪುಟ್ಟಿ, ಪತ್ರ ಬರೀ, ಪತ್ರ ಬರೀ" ಎಂದು ಎರಡು ಸಲ ಕೂಗಿ ಇಟ್ಟುಬಿಟ್ಟೆ. ಕೋರ್ಟಿನಲ್ಲಿ ಸ್ಟೆನೋ ಆಗಿ ಇಪ್ಪತ್ತಾರು ವರ್ಷ ಕಾಗದದ ನಡುವೆ ಕೂತವನಿಗೆ ಮಾತೂ ಕಾಗದದಲ್ಲೇ ಬರಬೇಕೇನೋ. ಆಗಲಿ, ಬರೆಯುತ್ತೇನೆ.

ಶನಿವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ನಾವು ಕೆಲವರು ಸೇರಿ ಒಂದು ಆಟ ಆಡುತ್ತೇವೆ ಎಂದು ಹಿಂದೊಮ್ಮೆ ಹೇಳಿದ್ದೆ. ನೀನು "ಇಸ್ಪೀಟಾ?" ಎಂದಿದ್ದೆ. ಇಸ್ಪೀಟಲ್ಲ. ಬೇಕರಿಯ ಮೇಲಿನ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ನಾನು ಬರೆದ ಒಂದು ನಕ್ಷೆ, ನಾಲ್ಕಾರು ದಾಳ. ಉಳಿದದ್ದೆಲ್ಲ ಮಾತು. ಎಲ್ಲೂ ಇಲ್ಲದ ಒಂದು ರಾಜ್ಯ. ಅಲ್ಲಿ ಚಳಿಗಾಲ ಬಂದರೆ ನದಿ ಬೆಟ್ಟ ಹತ್ತುತ್ತದೆ, ರಾಜ ಹನ್ನೊಂದು ವರ್ಷದಿಂದ ಮಲಗಿದವನು ಎದ್ದಿಲ್ಲ. ಕಥೆ ನಡೆಸುವವಳು ನಾನು. ಬೇಕರಿಯವನು ಸುಳ್ಳು ಹೇಳಲು ಬಾರದ ಕಳ್ಳ. ಕನ್ನಡಕದಂಗಡಿ ಅಕ್ಕ ಸತ್ತವರ ಜೊತೆ ಮಾತಾಡುವ ಸೂಲಗಿತ್ತಿ. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬನಿದ್ದಾನೆ, ದನಿಗೆ ತಕ್ಕಂತೆ ಅವನನ್ನು ಗುಡುಗು ಎಂದೇ ಕರೆಯುತ್ತೇವೆ. ಅವನು ನೀರಿಗೆ ಹೆದರುವ ದೈತ್ಯ. ನಾಲ್ಕನೆಯ ಆಟಗಾರನ ಕುರ್ಚಿ ಖಾಲಿಯಿದೆ. ನೀನು ಎರಡು ತಿಂಗಳ ರಜೆ ಹಾಕಿದ್ದೀಯ ಎಂದು ಅಮ್ಮ ಹೇಳಿದಳು. ರೈಲಿನಲ್ಲಿ ಎರಡು ಗಂಟೆಯ ದಾರಿ. ಬಾ.

ಬರುವ ಮುಂಚೆ ಕೆಲವು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಳೆದ ಸಲ ಹೇಳದೆ ಕೆಟ್ಟೆ. ಆ ಕುರ್ಚಿಯಲ್ಲಿ ಇದ್ದವನು ಯುದ್ಧದ ಆಟ ಎಂದುಕೊಂಡು ಬಂದ. ಮೂರು ವಾರ ಸುಮ್ಮನೆ ಕೂತು, ನಾಲ್ಕನೇ ವಾರ ಬೇಸರ ತಡೆಯಲಾರದೆ ಕತ್ತಿ ಹಿರಿದು ಸೂಲಗಿತ್ತಿಯ ತಮ್ಮನನ್ನೇ ಕಡಿದು ಹಾಕಿದ. ಕನ್ನಡಕದಂಗಡಿ ಅಕ್ಕ ಅತ್ತೇಬಿಟ್ಟರು. ಎರಡು ತಿಂಗಳು ಆಟವೇ ನಿಂತಿತ್ತು. ತಪ್ಪು ಅವನದಲ್ಲ, ನನ್ನದು. ಇಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ನಾನು ಮೊದಲೇ ಹೇಳಬೇಕಿತ್ತು.

ಆದ್ದರಿಂದ ಕೇಳು. ಇಲ್ಲಿ ಕತ್ತಿ ತಿಂಗಳಿಗೊಮ್ಮೆ ಹೊರಬಂದರೆ ಹೆಚ್ಚು. ಯಾರೂ ಗೆಲ್ಲುವುದಿಲ್ಲ. ಇಡೀ ಮಧ್ಯಾಹ್ನ ಇಬ್ಬರು ಒಂದು ಸೇತುವೆಯ ಮೇಲೆ ನಿಂತು ಮಾತಾಡುವುದರಲ್ಲೇ ಕಳೆಯಬಹುದು, ಅದನ್ನೇ ನಾವು ಒಳ್ಳೆಯ ದಿನ ಎನ್ನುತ್ತೇವೆ. ನಿನ್ನ ಪಾತ್ರಕ್ಕೆ ಒಂದು ಆಸೆ ಇರಬೇಕು, ಒಂದು ಭಯ ಇರಬೇಕು. ನಿನಗೆ ಗೊತ್ತಿರುವುದೆಲ್ಲ ಅವನಿಗೆ ಗೊತ್ತಿರಬೇಕಿಲ್ಲ. ಬೇರೆಯವರು ಮಾತಾಡುವಾಗ ಕಿವಿಗೊಟ್ಟು ಕೇಳಬೇಕು, ಇದೇ ಎಲ್ಲಕ್ಕಿಂತ ಮುಖ್ಯ. ಯಾವುದಾದರೂ ಮಾತು ನಿಜವಾಗಿಯೂ ಮನಸ್ಸಿಗೆ ನೋವಾದರೆ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟರೆ ಸಾಕು. ಯಾಕೆ ಎಂದು ಯಾರೂ ಕೇಳುವುದಿಲ್ಲ, ಅಲ್ಲಿಗೇ ನಿಲ್ಲಿಸಿ ಬೇರೆ ಕಡೆ ಹೋಗುತ್ತೇವೆ.

ಬರುತ್ತೀಯಾ?

ನಿನ್ನ
ಪುಟ್ಟಿ


ಜೂನ್ 11

ಚಿರಂಜೀವಿ ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಅರ್ಥವಾಯಿತು ಅನ್ನಿಸಿತು. ಮೂರನೇ ಸಲಕ್ಕೆ ಅದೂ ಹೋಯಿತು.

ಯಾರೂ ಗೆಲ್ಲದಿದ್ದರೆ ಆಟ ಮುಗಿಯಿತು ಎಂದು ಗೊತ್ತಾಗುವುದು ಹೇಗೆ? ಆರು ಗಂಟೆಯಾದ ಮೇಲೋ? ಸುಳ್ಳು ಹೇಳಲು ಬಾರದವನು ಕಳ್ಳನಾದದ್ದು ಹೇಗೆ? ಎಲ್ಲಕ್ಕಿಂತ ದೊಡ್ಡ ಗೊಂದಲ ಇದು: ನಾನು ಇಷ್ಟು ವರ್ಷ ಬೇರೆಯವರು ಆಡಿದ ಮಾತನ್ನು ಬರೆದಿದ್ದೇನೆ. ಅದರಲ್ಲಿ ನನ್ನದೊಂದು ಮಾತು ಸೇರಿದರೂ ಅಪರಾಧ. ಈಗ ನೀನು, ಇಲ್ಲದ ಮನುಷ್ಯನೊಬ್ಬನನ್ನು ನಾನೇ ಹುಟ್ಟಿಸಿ ಅವನ ಬಾಯಿಂದ ನಾನೇ ಮಾತಾಡಬೇಕು ಎನ್ನುತ್ತೀಯ. ಸುಳ್ಳುಸಾಕ್ಷಿಗೂ ಇದಕ್ಕೂ ಏನು ವ್ಯತ್ಯಾಸ, ತಿಳಿಸು.

ಆದರೂ ಬರುವುದಿಲ್ಲ ಎನ್ನುತ್ತಿಲ್ಲ. ಕೆಲವು ವಿವರ ಬೇಕು. ಮೇಜು ದುಂಡಗಿದೆಯೋ ಉದ್ದಕ್ಕಿದೆಯೋ? ಕಿಟಕಿ ಯಾವ ಕಡೆಗಿದೆ? ಎದುರಿಗೆ ಕೂತವರ ಮುಖಕ್ಕೆ ಬೆಳಕು ಬೀಳುತ್ತದೆಯೋ ಬೆನ್ನಿಗೋ? ಫ್ಯಾನು ಸದ್ದು ಮಾಡುವಂಥದ್ದೇ? ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎಷ್ಟು ದೂರ? ಇಬ್ಬಿಬ್ಬರು ಒಟ್ಟಿಗೇ ಮಾತಾಡುವ ರೂಢಿ ಇದೆಯೇ? ಬೇಕರಿಯವನಿಗೆ ಮೀಸೆ ಇದೆಯೇ? ಇದ್ದರೆ ಎಷ್ಟು ದಪ್ಪ?

ಇಲ್ಲಿ ಎಲ್ಲ ಕ್ಷೇಮ. ರಜೆಯಲ್ಲಿ ಮನೆಯ ಕಪಾಟುಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ.

ಇತಿ ನಿನ್ನ
ಮಾವ


ಜೂನ್ 15

ಮಾವ,

ನಿನ್ನ ಪತ್ರವನ್ನು ಕೆಲಸದ ಕೋಣೆಯಲ್ಲಿ, ಒಂದು ಕೈಯಲ್ಲಿ ಯಾರದೋ ಮೇಲ್ದವಡೆಯ ಕಟ್ಟುಹಲ್ಲಿನ ಸೆಟ್ಟು ಹಿಡಿದುಕೊಂಡು ಓದಿದೆ. ಮೀಸೆಯ ಮಾತು ಬರುವಷ್ಟರಲ್ಲಿ ಕೈಯ ಬಿಸಿಗೆ ಅದರ ಮೇಣ ಮೆತ್ತಗಾಗಿ ಎರಡು ಹಲ್ಲು ವಾಲಿದವು.

ಸರಿಯಾಗಿ ಹೇಳಿಬಿಡು, ಇದು ಅಮ್ಮ ಕೇಳಿಸಿದ್ದು ತಾನೇ? ಯಾರ ಪಕ್ಕ ಯಾರು ಕೂರುತ್ತಾರೆ, ನಡುವೆ ಎಷ್ಟು ದೂರ, ಬೆಳಕು ಇರುತ್ತದೋ ಇಲ್ಲವೋ! ನನಗೆ ಮೂವತ್ತೊಂದು ವರ್ಷ ಮಾವ. ನಾನು ಇಲ್ಲಿ ಕಟ್ಟುಹಲ್ಲು ಮಾಡುತ್ತೇನೆ, ಶನಿವಾರ ಆಡುತ್ತೇನೆ. ಅಮ್ಮನಿಗೆ ಹೇಳು: ಬೇಕರಿಯವನಿಗೆ ಪೊದೆಯಂಥ ಮೀಸೆ ಇದೆ, ಜೊತೆಗೆ ಹೆಂಡತಿಯೂ ಇದ್ದಾಳೆ, ಇಬ್ಬರು ಮಕ್ಕಳೂ ಇದ್ದಾರೆ. ನೀನು ನನ್ನ ಪಕ್ಷದವನು ಎಂದುಕೊಂಡಿದ್ದೆ, ಪತ್ತೇದಾರನಾಗಿಬಿಟ್ಟೆಯಲ್ಲ.

ಸಿಟ್ಟಿಲ್ಲ. ಸ್ವಲ್ಪ ಇದೆ.

ಸುಳ್ಳುಸಾಕ್ಷಿಯ ಪ್ರಶ್ನೆಗೆ ಉತ್ತರ: ಸುಳ್ಳುಸಾಕ್ಷಿ ಹೇಳುವವನು ಕೇಳುವವರನ್ನು ನಂಬಿಸುತ್ತಾನೆ. ನಮ್ಮ ಮೇಜಿನಲ್ಲಿ ಎಲ್ಲರಿಗೂ ಇದು ಕಟ್ಟಿದ್ದು ಎಂದು ಗೊತ್ತು. ಗೊತ್ತಿದ್ದೂ ಕಣ್ಣಲ್ಲಿ ನೀರು ಬರುತ್ತದೆ. ಯಾಕೆ ಎಂದು ಕೇಳಬೇಡ, ನನಗೂ ತಿಳಿದಿಲ್ಲ.

ಮೇಜು ಉದ್ದಕ್ಕಿದೆ. ಫ್ಯಾನು ಕಿರುಗುಟ್ಟುತ್ತದೆ. ಕೆಳಗೆ ಹಿಟ್ಟು ನಾದುವ ಯಂತ್ರ ಸಂಜೆವರೆಗೂ ಓಡುತ್ತಿರುತ್ತದೆ. ಎಲ್ಲರೂ ಒಟ್ಟಿಗೇ ಮಾತಾಡುತ್ತೇವೆ, ಅದೇ ಮಜಾ. ಪಾತ್ರ ಬರೆದು ಕಳಿಸು.

ಪುಟ್ಟಿ


ಜೂನ್ 24

ಪುಟ್ಟಿ,

ನಿನ್ನ ಅಮ್ಮನಿಗೆ ನಾನು ಬರುವ ವಿಷಯವೇ ಗೊತ್ತಿಲ್ಲ. ನಾನು ಯಾರ ಪತ್ತೇದಾರನೂ ಅಲ್ಲ. ಮೀಸೆಯ ಪ್ರಶ್ನೆಗೆ ಬೇರೆ ಕಾರಣ ಇತ್ತು, ಬಿಡು.

ಪಾತ್ರವನ್ನು ಬಹಳ ಯೋಚಿಸಿ ಬರೆದಿದ್ದೇನೆ. ಅವನು ಒಬ್ಬ ದೋಣಿಗಾರ. ಮೌನವ್ರತ ಹಿಡಿದಿದ್ದಾನೆ. ಜನ ಅವನೊಂದಿಗೆ ಮಾತಾಡುವುದಿಲ್ಲ. ಏನಿದ್ದರೂ ಹಲಗೆಯ ಮೇಲೆ ಬರೆದು ತೋರಿಸಬೇಕು, ಅವನೂ ಬರೆದೇ ಉತ್ತರ ಕೊಡುತ್ತಾನೆ. ನೀನು ಹೇಳಿದಂತೆ ಒಂದು ಆಸೆ, ಒಂದು ಭಯ ಇಟ್ಟಿದ್ದೇನೆ. ಆಸೆ: ಅವನನ್ನು ಯಾರೂ ಏನನ್ನೂ ಕೇಳಬಾರದು. ಭಯ: ಕೇಳಿಬಿಟ್ಟರೆ.

ಇದು ನಿಮ್ಮ ನಿಯಮಕ್ಕೆ ಹೊಂದುತ್ತದೆ ಎಂದು ಭಾವಿಸುತ್ತೇನೆ. ಹಲಗೆ, ಬಳಪ ನಾನೇ ತರುತ್ತೇನೆ.

ಮಾವ


ಜೂನ್ 28

ಮಾವ,

ಇಲ್ಲ, ಹೊಂದುವುದಿಲ್ಲ.

ಮಾತೇ ಆಟ ಎಂದು ಎರಡು ಪುಟ ಬರೆದೆ. ಅದನ್ನೋದಿ ನೀನು ಕಳಿಸಿದ್ದು ಮಾತಾಡದ ಮನುಷ್ಯನನ್ನು! ಇದು ತಮಾಷೆಯೋ, ನನ್ನ ಆಟದ ಮೇಲೆ ಗೇಲಿಯೋ ತಿಳಿಯಲಿಲ್ಲ. ಮೊದಲೇ ಹೇಳದ ಒಂದು ವಿಷಯ ಈಗ ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗ ನೀನು ಕೋರ್ಟಿನ ಕಥೆ ಹೇಳುತ್ತಿದ್ದೆಯಲ್ಲ, ಜಡ್ಜಿನ ಕೆಮ್ಮಿನಿಂದ ಹಿಡಿದು ಸಾಕ್ಷಿ ಹೇಳುವ ಮುದುಕಿಯ ತೊದಲಿನವರೆಗೂ ಹತ್ತು ಹನ್ನೆರಡು ದನಿ ತೆಗೆಯುತ್ತಿದ್ದೆಯಲ್ಲ, ಅದನ್ನೆಲ್ಲ ಇವರಿಗೆ ಹೇಳಿಟ್ಟಿದ್ದೇನೆ. "ನಮ್ಮ ಮಾವ ಬಂದ್ರೆ ನೋಡ್ತಾ ಇರಿ" ಎಂದಿದ್ದೇನೆ. ಎಲ್ಲರೂ ಕಾಯುತ್ತಿದ್ದಾರೆ.

ನಾನೇ ಒಂದು ದಾರಿ ಹುಡುಕಿದ್ದೇನೆ. ನೀನು ಅರಮನೆಯ ಹುಟ್ಟು-ಸಾವಿನ ಪುಸ್ತಕ ಬರೆಯುವವನು. ರಾಜ್ಯದಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂದು ನಿನಗೊಬ್ಬನಿಗೇ ಗೊತ್ತು. ಜನ ನಿನ್ನನ್ನು ಕೇಳಲು ಬರುತ್ತಾರೆ. ನೀನು ಬಾಯಿಬಿಟ್ಟು ಉತ್ತರ ಹೇಳುತ್ತೀಯ. ಅಷ್ಟೇ.

ಜುಲೈ 13, ಶನಿವಾರ. ಹಲಗೆ ಬೇಡ.

ಪುಟ್ಟಿ


ಜುಲೈ 14

ಮಾವ ಅವರಿಗೆ,

ನೀವು ನಿನ್ನೆ ಆಟದ ನಡುವೆ ಎದ್ದುಹೋದಿರಿ. ಹಿಂದೆಯೇ ಓಡಿಬಂದು ಮೆಟ್ಟಿಲ ಮೇಲಿಂದ ಎರಡು ಸಲ ಕರೆದೆ. ನೀವು ತಿರುಗಿ ಕೂಡ ನೋಡಲಿಲ್ಲ.

ನಿಮಗೆ ಇಷ್ಟವಿರಲಿಲ್ಲ ಎಂದರೆ ಬರಬಾರದಿತ್ತು. ಬಂದಿರಿ. ಒಂದು ಗಂಟೆ ಪೂರ್ತಿ ಎಲ್ಲರ ಬಾಯಿಯನ್ನೇ ಪರೀಕ್ಷೆ ಮಾಡುವವರಂತೆ ದಿಟ್ಟಿಸಿ ನೋಡುತ್ತ ಕೂತಿರಿ. ಮೂರು ಸಲ ಅಂಗೈಯನ್ನು ಮೇಜಿನ ಮೇಲಿಟ್ಟಿರಿ. ಮೂರು ಸಲವೂ ನಾವು, ನಿಮಗೇನೋ ನೋವಾಯಿತೆಂದು ಗಾಬರಿಯಾಗಿ ಎಲ್ಲ ನಿಲ್ಲಿಸಿದೆವು. ನೀವು ನಮ್ಮನ್ನೇ "ಯಾಕೆ ಸುಮ್ನಾದ್ರಿ?" ಎಂದು ಕೇಳಿದಿರಿ! ಗುಡುಗು ಏನು ಹೇಳಿದರೂ ನಕ್ಕಿರಿ, ಉಳಿದವರು ಏನು ಹೇಳಿದರೂ ತಲೆಯಾಡಿಸಿದಿರಿ.

ಅದನ್ನೆಲ್ಲ ಬಿಡಬಹುದಿತ್ತು. ಆದರೆ ಕನ್ನಡಕದಂಗಡಿ ಅಕ್ಕ. ಅವರು ಎಂಟು ತಿಂಗಳಿಂದ ತಮ್ಮ ಸೂಲಗಿತ್ತಿಯನ್ನು ಆ ಗಳಿಗೆಗೆ ತರುತ್ತಿದ್ದರು. ನಿಮ್ಮ ಕಡೆ ಬಾಗಿ, "ನನ್ನ ಮಗಳ ಹೆಸರು ನಿನ್ನ ಪುಸ್ತಕದಲ್ಲಿ ಇದೆಯಾ?" ಎಂದು ಕೇಳಿದರು.

ನೀವು ಹೇಳಿದ್ದು: "ಐದೂ ಮುಕ್ಕಾಲಿಗೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ತಡೆಯಲಾಗಲಿಲ್ಲ. ಅವರು ಮಾತ್ರ ನಗಲಿಲ್ಲ. ಆಟವನ್ನು ಹೀಗೆ ಒಡೆಯುವುದಕ್ಕೆ ನೀವು ಎರಡು ಗಂಟೆ ರೈಲಿನಲ್ಲಿ ಬರಬೇಕಿತ್ತೇ?

ಇಂತಿ,
ನಿಮ್ಮ ಅಕ್ಕನ ಮಗಳು


ಜುಲೈ 27

ಪುಟ್ಟಿ,

ನೀನು "ನೀವು" ಎಂದು ಬರೆದ ಪತ್ರವನ್ನು ಹನ್ನೆರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಹುಟ್ಟಿದಾಗಿನಿಂದ ನೀನು ನನ್ನನ್ನು ಹಾಗೆ ಕರೆದಿರಲಿಲ್ಲ. ಆ ಅಕ್ಕ ನನ್ನನ್ನು ಕೇಳಿದ್ದು ಏನು ಎನ್ನುವುದೂ ನನಗೆ ಗೊತ್ತಾದದ್ದು ಆ ಪತ್ರದಿಂದಲೇ.

ನನಗೆ ಕಿವಿ ಕೇಳಿಸುವುದಿಲ್ಲ.

ಎಡಗಿವಿ ಎರಡು ವರ್ಷದ ಹಿಂದೆಯೇ ಹೋಯಿತು. ಬಲಗಿವಿ ಇದೆ ಎಂದುಕೊಂಡಿದ್ದೆ. ಫೋನಿನಲ್ಲಿ ಕೇಳಿಸುವುದಿಲ್ಲ, ಅದಕ್ಕೇ ಪತ್ರ ಬರಿ ಎಂದೆ. ಮುಖದ ಮೇಲೆ ಬೆಳಕಿದ್ದರೆ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತೇನೆ. ಮೀಸೆ ದಪ್ಪಗಿದ್ದರೆ ಆಗುವುದಿಲ್ಲ. ಅಂಗೈಯನ್ನು ಮೇಜಿನ ಮೇಲಿಡುವುದು ನನ್ನ ಅಭ್ಯಾಸ. ಯಾರಾದರೂ ಜೋರಾಗಿ ಮಾತು ಶುರು ಮಾಡಿದರೆ ಹಲಗೆ ಸ್ವಲ್ಪ ಅದುರುತ್ತದೆ, ಆಗ ತಲೆಯೆತ್ತಿ ಯಾರೆಂದು ನೋಡುತ್ತೇನೆ. ನಿಮ್ಮ ನಿಯಮ ಓದಿದ್ದೆ, ನೆನಪೂ ಇತ್ತು, ಆದರೆ ಕೈ ತಾನಾಗಿ ಹೋಯಿತು. ಮೆಟ್ಟಿಲ ಮೇಲೆ ನೀನು ಕರೆದದ್ದು ನನಗೆ ತಿಳಿಯಲೇ ಇಲ್ಲ. ಯಾರೂ ಹಿಂದೆ ಬರಲಿಲ್ಲವಲ್ಲ ಎಂದುಕೊಂಡೇ ಸ್ಟೇಷನ್ನಿಗೆ ನಡೆದೆ.

ಆ ಅಕ್ಕ ನನ್ನನ್ನೇ ನೋಡಿ ಏನೋ ಕೇಳಿದರು. ದೂರದಿಂದ ಬಂದವನನ್ನು ಜನ ಏನು ಕೇಳುತ್ತಾರೆ? ಎಷ್ಟು ಹೊತ್ತಿಗೆ ರೈಲು ಎಂದು. ಹಾಗಾಗಿ ಐದೂ ಮುಕ್ಕಾಲಿಗೆ ಎಂದೆ. ಎಲ್ಲರೂ ನಕ್ಕಾಗ ನಾನೂ ಸ್ವಲ್ಪ ನಕ್ಕೆ. ಆಮೇಲೆ ಅವರ ಮುಖ ನೋಡಿದೆ.

ರೈಲಿನಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ಇಷ್ಟು ದಿನ ನನಗೆ ಕೇಳಿಸುತ್ತಿದೆ ಎಂದುಕೊಂಡದ್ದು ಕೇಳಿಸುತ್ತಿರಲೇ ಇಲ್ಲ, ಪುಟ್ಟಿ. ಊಹೆ ಮಾಡುತ್ತಿದ್ದೆ. ಕೋರ್ಟಿನಲ್ಲಿ ವಕೀಲ ಇಂಥ ಪ್ರಶ್ನೆ ಕೇಳಿದರೆ ಸಾಕ್ಷಿ ಇಂಥ ಉತ್ತರ ಕೊಡುತ್ತಾನೆ. ವಾಕ್ಯದ ಅರ್ಧ ಕಿವಿಗೆ ಬಿದ್ದರೆ ಉಳಿದರ್ಧ ಕೈಯೇ ಬರೆಯುತ್ತದೆ. ನಿಮ್ಮ ಮೇಜಿನಲ್ಲಿ ಮುಂದಿನ ಮಾತು ಏನು ಬರುತ್ತದೆ ಎಂದು ಊಹಿಸಲು ಯಾರಿಂದಲೂ ಸಾಧ್ಯವಿರಲಿಲ್ಲ. ಬೆಟ್ಟ ಹತ್ತುವ ನದಿ, ಸತ್ತ ಮಗುವಿನ ಹೆಸರು! ಆಗ ನನ್ನ ಬಳಿ ಉಳಿದದ್ದು ಎಷ್ಟು ಎಂದು ಕಂಡಿತು. ಏನೂ ಇರಲಿಲ್ಲ.

ಹಾಗಾದರೆ ಎರಡು ವರ್ಷದಿಂದ ನಾನು ಕೋರ್ಟಿನಲ್ಲಿ ಬರೆದದ್ದು ಏನು?

ರಜೆಯಲ್ಲಿದ್ದರೂ ಕಚೇರಿಗೆ ಹೋಗಿ ಹಳೆಯ ಶೀಘ್ರಲಿಪಿ ಪುಸ್ತಕಗಳನ್ನು ತೆಗೆದು ಕೂತೆ. ಐದನೇ ದಿನ ಒಂದು ಜಾಗದಲ್ಲಿ ಕೈ ನಿಂತಿತು. ಬಟ್ಟೆಯ ಗೋದಾಮಿಗೆ ಬೆಂಕಿ ಬಿದ್ದ ಕೇಸು. ಗೋದಾಮಿನ ಉಸ್ತುವಾರಿಯವನೇ ಹಚ್ಚಿದ ಎಂದು ಆರೋಪ; ಏಳು ತಿಂಗಳಿಂದ ಒಳಗಿದ್ದಾನೆ. ಕಾವಲುಗಾರನನ್ನು ವಕೀಲರು ಕೇಳಿದರು, ಆ ಸಂಜೆ ಬಾಗಿಲ ಹತ್ತಿರ ಇವನನ್ನು ಕಂಡೆಯಾ ಎಂದು. ನಾನು ಬರೆದಿರುವುದು "ಕಂಡೆ". ಆದರೆ ಅದರ ಮುಂದಿನ ಪ್ರಶ್ನೆ, "ಹಾಗಾದರೆ ಬೇರೆ ಯಾರಾದರೂ ಇದ್ದರೇ?" ಕಂಡೆ ಎಂದವನನ್ನು ಯಾವ ವಕೀಲನೂ ಹಾಗೆ ಕೇಳುವುದಿಲ್ಲ. ಎಷ್ಟು ದೂರದಲ್ಲಿದ್ದ, ಕೈಯಲ್ಲಿ ಏನಿತ್ತು ಎಂದು ಕೇಳುತ್ತಾನೆ.

ಅವನು "ಕಾಣೆ", ಅಂದರೆ ನೋಡಿಲ್ಲ, ಎಂದಿರಬೇಕು. ಕಾವಲುಗಾರನಿಗೆ ಓದಲು ಬಾರದು. ನಾನು ಓದಿ ಹೇಳಿದೆ, ಏನು ಓದಿದೆನೋ, ಅವನು ಏನು ಕೇಳಿಸಿಕೊಂಡನೋ, ಹೆಬ್ಬೆಟ್ಟು ಒತ್ತಿದ. ಆರೋಪಿಯ ವಕೀಲರು ಆಮೇಲೆ ಬದಲಾದರು. ಹೊಸಬರು ಓದಿದ್ದು ನನ್ನ ಕಾಗದವನ್ನು ಮಾತ್ರ.

ಆದರೆ "ಇರಬೇಕು" ಎನ್ನುವುದರ ಮೇಲೆ ನಾನೇನು ಮಾಡಲಿ? ಅವನು ನಿಜವಾಗಿಯೂ ಕಂಡೆ ಎಂದಿದ್ದರೆ? ಕಂಡೆಯೋ ಕಾಣೆಯೋ ಎಂದು ಇಡೀ ದಿನ ತಲೆಯೊಳಗೆ ಅವನ ದನಿ ತೆಗೆದು ನೋಡುತ್ತೇನೆ. ಎರಡೂ ಅವನ ದನಿಯಲ್ಲೇ ಕೇಳಿಸುತ್ತವೆ.

ಮಾವ


ಜುಲೈ 31

ಮಾವ,

ಮೊದಲು ಒಂದು ಮಾತು. ನೀನು, ನೀನು, ನೀನು. ಇನ್ನು ಸಾಯುವವರೆಗೂ ನೀನೇ.

ಗುಡುಗು ಅವತ್ತೇ ಮೆಟ್ಟಿಲಿಳಿಯುತ್ತ, "ನಿಮ್ಮ ಮಾವಂಗೆ ಕಿವಿ ಮಂದ ಇರ್ಬೇಕು ಕಣ್ರೀ. ಡಿಪೋದಲ್ಲಿ ನಮ್ಮ ಅರ್ಧ ಜನ ಹಂಗೇ ನೋಡ್ತಾರೆ, ಬಾಯಿ ನೋಡ್ಕೊಂಡೇ ಮಾತಾಡೋದು" ಎಂದಿದ್ದ. ನಾನು "ಸುಮ್ನಿರಪ್ಪ, ಅವ್ರಿಗೆ ಬೇಕಾದ್ದು ಕೇಳ್ಸುತ್ತೆ" ಎಂದೆ. ಹಾಗೆಂದ ಮೇಲೂ ನಿನಗೆ ಆ ಪತ್ರ ಬರೆದೆ.

ಕಿವಿಗೊಟ್ಟು ಕೇಳಬೇಕು, ಅದೇ ಮುಖ್ಯ ಎಂದು ನಿನಗೆ ಬರೆದವಳು ನಾನು. ನಿನ್ನ ಪತ್ರಗಳಲ್ಲಿ ಬೆಳಕು, ಫ್ಯಾನು, ಮೀಸೆ, ಹಲಗೆ ಎಲ್ಲ ಇತ್ತು. ನನಗೆ ಅದರಲ್ಲಿ ಅಮ್ಮ ಮಾತ್ರ ಕಂಡಳು.

ಕನ್ನಡಕದಂಗಡಿ ಅಕ್ಕನಿಗೆ ನಿನ್ನ ಪತ್ರದ ಮೊದಲರ್ಧ ಓದಿ ಹೇಳಿದೆ; ಕೋರ್ಟಿನ ಭಾಗ ಓದಲಿಲ್ಲ. ಅವರು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ, "ನನ್ನ ಅಂಗಡಿಗೆ ಕಣ್ಣು ಕಾಣ್ಸಲ್ಲ ಅಂತ ನಾಚ್ಕೊಂಡು ಬಂದವ್ರು ಇದುವರೆಗೂ ಒಬ್ರೂ ಇಲ್ಲ. ಕಿವಿಗೆ ಯಾಕಪ್ಪ ಈ ನಾಚಿಕೆ?" ಎಂದರು. ಕೋಪವಿಲ್ಲ ಅವರಿಗೆ.

ಕೋರ್ಟಿನ ವಿಷಯ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಹೇಳಿಬಿಡು ಎಂದು ಬರೆಯುವುದು ನನಗೆ ಸುಲಭ, ಕೆಲಸ ಹೋಗುವುದು ನಿನ್ನದು. ಹೇಳಬೇಡ ಎಂದು ಬರೆಯಲು ಕೂತರೆ ಆ ಉಸ್ತುವಾರಿಯವನು ಎದುರಿಗೆ ಬಂದು ನಿಲ್ಲುತ್ತಾನೆ. ಮುಖವಿಲ್ಲದ ಮನುಷ್ಯ, ಆದರೂ ನಿಲ್ಲುತ್ತಾನೆ. ನೀನು ಊಹೆ ಮಾಡಿದ್ದು ತಪ್ಪಿರಲೂಬಹುದು, ಸರಿಯಿರಲೂಬಹುದು. ಅದನ್ನು ತೀರ್ಮಾನ ಮಾಡಬೇಕಾದವನು ನೀನೊಬ್ಬನೇ ಯಾಕೆ? ಕಾವಲುಗಾರ ಬದುಕಿದ್ದಾನಲ್ಲ. ಅವನನ್ನೇ ಇನ್ನೊಮ್ಮೆ ಕೇಳಲು ಬರುವುದಿಲ್ಲವೇ?

ನನಗೆ ಇಷ್ಟೇ ತೋಚಿದ್ದು. ಭಾನುವಾರ ಬರಲಾ? ಬೇಡ ಎಂದು ಬರೆದರೂ ಬರುತ್ತೇನೆ.

ಪುಟ್ಟಿ


ಆಗಸ್ಟ್ 8

ಪುಟ್ಟಿ,

ನೀನು ಭಾನುವಾರ ಬಂದು ಹೋದ ಮೇಲೆ ಸೋಮವಾರ ಬೆಳಿಗ್ಗೆ ಜಡ್ಜ್ ಸಾಹೇಬರ ಕೋಣೆಗೆ ಹೋದೆ. ಹೇಳಬೇಕಾದದ್ದನ್ನೆಲ್ಲ ಟೈಪ್ ಮಾಡಿಕೊಂಡು ಹೋಗಿದ್ದೆ, ಕೊಟ್ಟೆ. ಅವರು ಓದಿದರು. ತಲೆ ತಗ್ಗಿಸಿಕೊಂಡೇ ಏನೋ ಹೇಳಿದರು. ನಾನು, "ಸಾರ್, ನನ್ನ ಕಡೆ ನೋಡಿ ಹೇಳಬೇಕು" ಎಂದೆ.

ಅವರು ತಲೆಯೆತ್ತಿ, ಒಂದೊಂದೇ ಮಾತು ಬಿಡಿಸಿ, "ಎರಡು ವರ್ಷ ಯಾಕ್ರೀ ಹೇಳಲಿಲ್ಲ?" ಎಂದರು.

"ನನಗೇ ಗೊತ್ತಿರಲಿಲ್ಲ ಸಾರ್."

"ಗೊತ್ತಿರಲಿಲ್ವಾ, ಗೊತ್ತು ಮಾಡ್ಕೊಳ್ಳೋಕೆ ಇಷ್ಟ ಇರಲಿಲ್ವಾ?"

ಇದು ಸ್ಪಷ್ಟವಾಗಿ ಅರ್ಥವಾಯಿತು. ಈಗಲೂ ಯೋಚಿಸುತ್ತಿದ್ದೇನೆ, ಕೆಲವು ದಿನ ಮೊದಲನೆಯದು ಅನ್ನಿಸುತ್ತದೆ, ಕೆಲವು ದಿನ ಎರಡನೆಯದು.

ನನ್ನನ್ನು ಕೋರ್ಟ್ ಹಾಲಿನಿಂದ ತೆಗೆದು ನಕಲು ವಿಭಾಗಕ್ಕೆ ಹಾಕಿದ್ದಾರೆ. ವಿಚಾರಣೆ ಇರುತ್ತದೆ. ನಾನು ಬರೆದ ಎರಡು ವರ್ಷದ ಹೇಳಿಕೆಗಳನ್ನೆಲ್ಲ ಇಬ್ಬರು ಕೂತು ಪರಿಶೀಲಿಸುತ್ತಾರೆ. ಕಾವಲುಗಾರನನ್ನು 22ನೇ ತಾರೀಕು ಮತ್ತೆ ಕರೆಸುತ್ತಾರೆ.

ಮಾವ


ಆಗಸ್ಟ್ 12

ಮಾವ,

ಆಸ್ಪತ್ರೆಯ ಚೀಟಿ ಜೊತೆಗಿಟ್ಟಿದ್ದೇನೆ. 30ಕ್ಕೆ ಕಿವಿ ಪರೀಕ್ಷೆ, ನಾನು ಜೊತೆಗೆ ಬರುತ್ತೇನೆ, ವಾದ ಬೇಡ.

ಶನಿವಾರದ ಸುದ್ದಿ ಕೇಳು. ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದಿದ್ದೇವೆ. ಫ್ಯಾನಿಗೆ ಎಣ್ಣೆ ಬಿಟ್ಟಿದ್ದು ಗುಡುಗು. ಈಗ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಬೇಕು ಎಂದು ಗೊತ್ತು ಮಾಡಿಕೊಂಡಿದ್ದೇವೆ. ಅಭ್ಯಾಸಕ್ಕೆ ಶುರು ಮಾಡಿದೆವು. ಹತ್ತು ನಿಮಿಷ ಎಲ್ಲರೂ ಅಪರಿಚಿತರಂತೆ ಮುಖ ಮುಖ ನೋಡಿಕೊಂಡು ಕೂತೆವು. ಆಮೇಲೆ ತಿಳಿಯಿತು, ಇದುವರೆಗೆ ನಾವ್ಯಾರೂ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡೇ ಇರಲಿಲ್ಲ. ಬೇಕರಿಯವನ ಕಳ್ಳನಿಗೆ ಒಬ್ಬ ತಂಗಿ ಇದ್ದಾಳೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅವನು ಅದನ್ನು ಆರು ಸಲ ಹೇಳಿದ್ದನಂತೆ.

ಇನ್ನೊಂದು. ಬೇಕರಿಯವನು ಮೀಸೆ ತೆಗೆಸಿದ್ದಾನೆ. ನಾವು ಯಾರೂ ಹೇಳಲಿಲ್ಲ. ಚಿಕ್ಕ ಮಗು ಅಪ್ಪನ ಗುರುತು ಸಿಗದೆ ಒಂದು ದಿನ ಪೂರ್ತಿ ಅತ್ತಿತಂತೆ.

ನಿನಗೆ ಏನು ಬೇಕು, ಹೇಗೆ ಕೂತರೆ ಅನುಕೂಲ ಎನ್ನುವುದನ್ನು ನೀನೇ ಬರೆದು ಕಳಿಸು. ನಾನು ಓದಿ ಹೇಳುತ್ತೇನೆ. 22ರಂದು ನಾನು ಬರಲೇ?

ಪುಟ್ಟಿ


ಆಗಸ್ಟ್ 23

ಪುಟ್ಟಿ,

ನೀನು ಬರುವುದು ಬೇಡ ಎಂದು ನಾನು ತಿಳಿಸಿದ್ದು ಒಳ್ಳೆಯದಾಯಿತೋ ಇಲ್ಲವೋ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಹಾಲಿನಲ್ಲಿ ನಾನು ಜನರ ಬೆಂಚಿನಲ್ಲಿ, ಹಿಂದಿನಿಂದ ಎರಡನೇ ಸಾಲಿನಲ್ಲಿ ಕೂತಿದ್ದೆ. ನನ್ನ ಜಾಗದಲ್ಲಿ ಹೊಸಬಳೊಬ್ಬಳು ಸ್ಟೆನೋ. ಕಾವಲುಗಾರ ಬಂದು ಕಟಕಟೆಯಲ್ಲಿ ನಿಂತ. ನನಗೆ ಕಂಡದ್ದು ಅವನ ಬೆನ್ನು. ವಕೀಲರು ಎದ್ದು ಪ್ರಶ್ನೆ ಕೇಳಿದರು. ಅವನ ತಲೆ ಸ್ವಲ್ಪ ಅಲ್ಲಾಡಿತು. ಅಡ್ಡಕ್ಕೋ ಉದ್ದಕ್ಕೋ, ಅದೂ ತಿಳಿಯಲಿಲ್ಲ. ಹೊಸಬಳ ಕೈ ಬರೆಯಿತು. ಜಡ್ಜ್ ಸಾಹೇಬರು ಏನೋ ಕೇಳಿದರು, ಅವನು ಮತ್ತೆ ಹೇಳಿದ. ಹಾಲಿನಲ್ಲಿ ಜನ ಅಲುಗಾಡಿದರು.

ಈ ಒಂದು ಮಾತಿಗಾಗಿ ನಾನು ಒಂದು ತಿಂಗಳು ನಿದ್ದೆಗೆಟ್ಟಿದ್ದೆ. ಅದನ್ನು ಹೇಳಿದ ಹೊತ್ತಿನಲ್ಲಿ ನಾನು ಅಲ್ಲೇ ಇದ್ದೆ, ಆದರೂ ಅದು ನನಗೆ ಬರಲಿಲ್ಲ.

ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಮೂವತ್ತೈದು ವರ್ಷ ಇರಬಹುದು. ನಾನು ಅವಳ ಕಡೆ ತಿರುಗಿ, "ಅಮ್ಮಾ, ನನಗೆ ಕಿವಿ ಕೇಳಿಸಲ್ಲ. ಅವನು ಏನಂದ, ಹೇಳ್ತೀರಾ?" ಎಂದೆ. ಎಷ್ಟು ಜೋರಾಗಿ ಅಂದೆನೋ, ಮುಂದಿನ ಸಾಲಿನವರು ತಿರುಗಿ ನೋಡಿದರು. ಗೊತ್ತಿಲ್ಲದ ಒಬ್ಬರಿಗೆ ಬಾಯಿಬಿಟ್ಟು ಹೀಗೆ ಹೇಳಿದ್ದು ಇದೇ ಮೊದಲು. ಅವಳು ಹೇಳಿದಳು. ಸೆರಗು ಬಾಯಿಗೆ ಅಡ್ಡ ಹಿಡಿದು ಅಳುತ್ತಿದ್ದಳು, ಹಾಗಾಗಿ ಅದೂ ತಿಳಿಯಲಿಲ್ಲ. ನಾನು ಕಿವಿ ಮುಟ್ಟಿ ಅಡ್ಡಡ್ಡ ತಲೆಯಾಡಿಸಿದೆ. ಆಗ ಅವಳು ಚೀಲದಿಂದ ಬಸ್ ಟಿಕೆಟ್ಟು ತೆಗೆದು, ನನ್ನ ಜೇಬಿನಲ್ಲಿದ್ದ ಪೆನ್ನನ್ನು ಎಳೆದುಕೊಂಡು, ಅದರ ಹಿಂದೆ ಬರೆದು ತೋರಿಸಿದಳು.

"ಕಂಡಿಲ್ಲ ಅಂದ. ಆವತ್ತೂ ಹಂಗೇ ಹೇಳಿದ್ದಂತೆ."

ಅದರ ಕೆಳಗೆ ಇನ್ನೊಂದು ಸಾಲು ಬರೆದಳು. "ನಾನು ಜೈಲಲ್ಲಿರೋರ ಹೆಂಡ್ತಿ. ನೀವು ಯಾರು?"

ಎದ್ದು ಹೋಗಿಬಿಡಬಹುದಿತ್ತು. ಯಾರೋ ಹೇಳಿ ಕಳಿಸಿದರು, ಕೇಸು ನೋಡಲು ಬಂದೆ ಎಂದು ಏನಾದರೂ ಬರೆಯಬಹುದಿತ್ತು. ಪೆನ್ನು ತೆಗೆದುಕೊಂಡೆ. "ತಪ್ಪು ಬರೆದವನು ನಾನೇ" ಎಂದು ಬರೆದೆ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ನನ್ನ ಮುಖ ನೋಡಲಿಲ್ಲ, ಮುಂದಕ್ಕೆ ತಿರುಗಿ ಕೂತಳು. ಜಾಗ ಬದಲಿಸಲೂ ಇಲ್ಲ. ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಆ ಟಿಕೆಟ್ಟು ಬಿದ್ದಿತ್ತು. ವಕೀಲರು ಮಾತಾಡಿದರು. ಇನ್ನೊಬ್ಬ ವಕೀಲರು ಎದ್ದರು, ಕೂತರು. ಎಷ್ಟು ಹೊತ್ತಾಯಿತೋ. ಜಡ್ಜ್ ಸಾಹೇಬರು ಕಾಗದ ನೋಡಿ ಏನೋ ಓದಿದರು. ಹಾಲಿನಲ್ಲಿ ಅರ್ಧ ಜನ ಎದ್ದು ನಿಂತರು. ಅವಳೂ ಎದ್ದಳು, ಮತ್ತೆ ಕೂತಳು. ನನ್ನ ಕಡೆ ನೋಡದೆಯೇ ಪೆನ್ನು ತೆಗೆದುಕೊಂಡು ಟಿಕೆಟ್ಟಿನ ಉಳಿದಿದ್ದ ಮೂಲೆಯಲ್ಲಿ ಗೀಚಿ, ನನ್ನ ಕಡೆ ತಳ್ಳಿದಳು.

"ಜಾಮೀನು ಕೊಟ್ರು. ಇವತ್ತೇ ಬಿಡ್ತಾರಂತೆ."

ಅಷ್ಟೇ. ಎದ್ದು ಬಾಗಿಲ ಕಡೆ ಓಡಿದಳು.

ಅವಳು ನನ್ನನ್ನು ಕ್ಷಮಿಸಿದಳೋ, ಅಥವಾ ಆ ಗಳಿಗೆಯಲ್ಲಿ ಯಾರಿಗಾದರೂ ಹೇಳಲೇಬೇಕಾಗಿತ್ತು, ಪಕ್ಕದಲ್ಲಿ ಸಿಕ್ಕವನು ನಾನಾದೆನೋ, ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಇದನ್ನು ಮಾತ್ರ ಊಹೆ ಮಾಡಿ ಬರೆದುಕೊಳ್ಳಲು ನನಗೆ ಧೈರ್ಯವಿಲ್ಲ. ನೀನು ಹೆಣ್ಣುಮಗಳು, ನಿನಗೇನನ್ನಿಸುತ್ತದೆ, ಬರೆ.

ನಿನ್ನ
ಮಾವ